ಸೊಂಟದ ಸುತ್ತಳತೆಯನ್ನು ಮನೆಯಲ್ಲೇ ಸರಿಯಾಗಿ ಅಳೆದು ಅರ್ಥ ಮಾಡಿಕೊಳ್ಳುವ ಬಗೆ: ಮಲೆನಾಡಿನ ಓದುಗರಿಗೊಂದು ಸಮಗ್ರ ಮಾರ್ಗದರ್ಶಿ

ತೂಕದ ಯಂತ್ರದ ಮೇಲೆ ನಿಂತು ಅಂಕಿ ಓದುವುದರಲ್ಲಿ ಯಾರೂ ತಪ್ಪುವುದಿಲ್ಲ. ಆದರೆ ಸೊಂಟದ ಸುತ್ತಳತೆಯನ್ನು ಬರೆದು ಕಳುಹಿಸಿ ಎಂದಾಗ ಬರುವ ಅಂಕಿಗಳಲ್ಲಿ ಹೆಚ್ಚಿನವು ಬಳಕೆಗೆ ಬರುವುದಿಲ್ಲ. ಕೆಲವರು ಪ್ಯಾಂಟಿನ ಅಳತೆಯನ್ನೇ ಬರೆಯುತ್ತಾರೆ, ಕೆಲವರು ಹೊಕ್ಕುಳಿನ ಮೇಲೆ ಟೇಪು ಹಿಡಿಯುತ್ತಾರೆ, ಇನ್ನು ಕೆಲವರು ಸೀರೆಯ ನೆರಿಗೆಯ ಮೇಲೆಯೇ ಅಳೆದು ಎರಡಿಂಚನ್ನು ಅಂದಾಜಿನಲ್ಲಿ ಕಳೆಯುತ್ತಾರೆ. ಮೂವತ್ತನಾಲ್ಕು ಇಂಚಿನ ಪ್ಯಾಂಟು ತೊಡುವ ಗಂಡಸೊಬ್ಬರು ತಮ್ಮ ಸೊಂಟ 86 ಸೆಂಟಿಮೀಟರ್ ಎಂದು ನೆಮ್ಮದಿಯಿಂದಿರುತ್ತಾರೆ. ಪ್ಯಾಂಟು ನಿಂತಿರುವುದು ಹೊಟ್ಟೆಯ ಕೆಳಗೆ ಎಂಬುದನ್ನು ಅವರು ಗಮನಿಸಿರುವುದಿಲ್ಲ. ಸರಿಯಾದ ಜಾಗದಲ್ಲಿ ಅಳೆದರೆ ಅದೇ ಸೊಂಟ 95 ಆಗಬಹುದು. ಹೃದಯ ಮತ್ತು ಸಕ್ಕರೆ ಕಾಯಿಲೆಯ ದೃಷ್ಟಿಯಿಂದ ಗಂಡಸರಿಗೆ ಎಚ್ಚರಿಕೆಯ ಗಡಿ 90 ಆಗಿರುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಈ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲಿಯೇ ಅನುಸರಿಸಬೇಕು. ಮೊದಲ ಬಾರಿಗೆ ಅರ್ಧ ಗಂಟೆ ಬೇಕಾಗುತ್ತದೆ. ಅಭ್ಯಾಸವಾದ ಮೇಲೆ ಐದು ನಿಮಿಷ ಸಾಕು.

ಮೊದಲಿಗೆ: ಕೊಬ್ಬು ಕೂತ ಜಾಗವೇ ಏಕೆ ಮುಖ್ಯ

ತೊಡೆ, ಪೃಷ್ಠ ಮತ್ತು ತೋಳಿನ ಚರ್ಮದಡಿಯಲ್ಲಿರುವ ಕೊಬ್ಬು ಬಹುಮಟ್ಟಿಗೆ ಉಗ್ರಾಣದಂತೆ ಕೆಲಸ ಮಾಡುತ್ತದೆ. ಅದು ಊಟದ ಹೆಚ್ಚುವರಿಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಹೊಟ್ಟೆಯೊಳಗೆ ಕರುಳು ಮತ್ತು ಇತರ ಅಂಗಗಳ ಸುತ್ತ ಕೂರುವ ಒಳಕೊಬ್ಬು ಹಾಗಲ್ಲ. ಅದು ಕೊಬ್ಬಿನಾಮ್ಲಗಳನ್ನು ಬೇಗ ಬೇಗ ಬಿಡುಗಡೆ ಮಾಡುತ್ತದೆ. ಅವುಗಳಲ್ಲೊಂದು ಪಾಲು ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತನಾಳದ ಮೂಲಕ ನೇರವಾಗಿ ಯಕೃತ್ತನ್ನು ಸೇರುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬಿದಂತೆ ಇನ್ಸುಲಿನ್ನಿನ ಮಾತು ನಡೆಯದಂತಾಗಿ, ರಕ್ತದಲ್ಲಿ ಸಕ್ಕರೆಯೂ ಟ್ರೈಗ್ಲಿಸರೈಡ್ ಎಂಬ ಕೊಬ್ಬೂ ಏರುತ್ತವೆ. ಜೊತೆಗೆ ಈ ಒಳಕೊಬ್ಬು ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನೂ ಸ್ರವಿಸುತ್ತದೆ.

ಭಾರತೀಯರಲ್ಲಿ ಅದೇ ಎತ್ತರ, ಅದೇ ತೂಕದ ಯುರೋಪಿಯನ್ನರಿಗಿಂತ ಸಾಮಾನ್ಯವಾಗಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಅವರು 2004ರಲ್ಲಿ ತಮ್ಮ ದೇಹಗಳನ್ನೇ ಉದಾಹರಣೆಯಾಗಿ ಮುಂದಿಟ್ಟರು. ಇಬ್ಬರ ದೇಹ ತೂಕ ಸೂಚ್ಯಂಕವೂ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ, ಬಿಎಂಐ) 22.3 ಆಗಿತ್ತು, ಆದರೆ ದೇಹದಲ್ಲಿದ್ದ ಕೊಬ್ಬಿನ ಪ್ರಮಾಣ ಯುಡ್ಕಿನ್ ಅವರಲ್ಲಿ ಶೇಕಡ 9.1, ಯಾಜ್ಞಿಕ್ ಅವರಲ್ಲಿ ಶೇಕಡ 21.2. ನಮ್ಮಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರನ್ನು ‘ಸಣ್ಣ ಮೈ’ ಎಂದೇ ಲೆಕ್ಕ ಹಾಕುತ್ತೇವೆ. ಹೆಚ್ಚು ಎಚ್ಚರ ಬೇಕಾಗಿರುವುದು ಅವರಿಗೇ.

ಹಂತ 1: ಅಳೆಯುವುದು ನಿಮಗೆ ಅನ್ವಯಿಸುತ್ತದೆಯೇ ನೋಡಿ

ಗರ್ಭಿಣಿಯರು ಮತ್ತು ಇತ್ತೀಚೆಗೆ ಹೆರಿಗೆಯಾದ ಬಾಣಂತಿಯರು ಈ ಅಳತೆಯನ್ನು ತೆಗೆದುಕೊಳ್ಳಬಾರದು. ಮಕ್ಕಳಿಗೆ ಕೆಳಗಿನ 90, 80ರ ಗಡಿಗಳು ಅನ್ವಯಿಸುವುದಿಲ್ಲ. ಅವರಿಗೆ ವಯಸ್ಸಿಗೆ ತಕ್ಕ ಬೇರೆ ಪಟ್ಟಿಗಳಿವೆ. ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕೆಲವೇ ವಾರ ಕಳೆದವರು, ದೊಡ್ಡ ಹರ್ನಿಯಾ ಇರುವವರು ಮತ್ತು ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ ಇರುವವರು ವೈದ್ಯರಲ್ಲೇ ಕೇಳಬೇಕು.

ಹಂತ 2: ಸಾಮಗ್ರಿಗಳನ್ನು ಒಟ್ಟು ಮಾಡಿ, ಟೇಪನ್ನು ಪರೀಕ್ಷಿಸಿ

ದರ್ಜಿಗಳು ಬಳಸುವ 150 ಸೆಂಟಿಮೀಟರಿನ ಟೇಪು, ಚರ್ಮದ ಮೇಲೆ ಗುರುತು ಹಾಕಲು ಪೆನ್ನು, ಒಂದು ಕನ್ನಡಿ, ಒಂದು ನೋಟ್‌ಬುಕ್ಕು, ಸಾಧ್ಯವಾದರೆ ಸಹಾಯಕ್ಕೊಬ್ಬರು ಇರಲಿ. ಬಡಗಿಯ ಉಕ್ಕಿನ ಟೇಪು ಮೈಗೆ ಹೊಂದಿಕೊಂಡು ಬಾಗುವುದಿಲ್ಲವಾದ್ದರಿಂದ ಸುತ್ತಳತೆಗೆ ಅದು ಬೇಡ. ಆದರೆ ಒಂದು ಕೆಲಸಕ್ಕೆ ಅದು ಬೇಕೇ ಬೇಕು. ವರ್ಷಗಟ್ಟಲೆ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ಟೇಪು ಎಳೆದೆಳೆದು ಹಿಗ್ಗಿರಬಹುದು. ಉಕ್ಕಿನ ಟೇಪಿನ ಪಕ್ಕದಲ್ಲಿ ಅದನ್ನು ಚಾಚಿ 100 ಸೆಂಟಿಮೀಟರಿನ ಗೆರೆಗಳು ಕೂಡುತ್ತವೆಯೇ ನೋಡಿ. ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಹೊಸ ಟೇಪು ಕೊಳ್ಳಿ. ಹಿಗ್ಗಿದ ಟೇಪು ಯಾವಾಗಲೂ ನಿಮ್ಮ ಸೊಂಟವನ್ನು ನಿಜಕ್ಕಿಂತ ಸಣ್ಣದಾಗಿ ತೋರಿಸುತ್ತದೆ.

ಟೇಪಿನ ಒಂದು ಬದಿಯಲ್ಲಿ ಇಂಚು, ಇನ್ನೊಂದು ಬದಿಯಲ್ಲಿ ಸೆಂಟಿಮೀಟರ್ ಇರುತ್ತದೆ. ಸೊಂಟವನ್ನು ಒಂದರಲ್ಲಿ, ಎತ್ತರವನ್ನು ಇನ್ನೊಂದರಲ್ಲಿ ಬರೆದು ಭಾಗಿಸಿದರೆ ಬರುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ. ಎಲ್ಲವನ್ನೂ ಸೆಂಟಿಮೀಟರಿನಲ್ಲೇ ಬರೆಯಿರಿ. ಇಂಚಿನಲ್ಲಿ ಮಾತ್ರ ಗೊತ್ತಿದ್ದರೆ 2.54ರಿಂದ ಗುಣಿಸಿ.

ಹಂತ 3: ಸಮಯ ಮತ್ತು ಉಡುಪು

ಬೆಳಿಗ್ಗೆ ಶೌಚ ಮುಗಿಸಿ, ಕಾಫಿ ತಿಂಡಿಗೆ ಮೊದಲು ಅಳೆಯಿರಿ. ಮದುವೆ ಮನೆಯಲ್ಲಿ ಉಂಡ ಮಾರನೆಯ ದಿನ, ಹೊಟ್ಟೆ ಉಬ್ಬರವಿರುವ ದಿನ ಅಳೆಯಬೇಡಿ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ಮುಂಚಿನ ದಿನಗಳಲ್ಲಿ ಹೊಟ್ಟೆ ಉಬ್ಬಿಕೊಳ್ಳುವುದುಂಟು. ಆದ್ದರಿಂದ ಪ್ರತಿ ತಿಂಗಳೂ ಮುಟ್ಟು ನಿಂತ ಒಂದು ವಾರದೊಳಗೆ ಅಳೆಯುವುದನ್ನು ರೂಢಿ ಮಾಡಿಕೊಂಡರೆ ಒಂದು ತಿಂಗಳನ್ನು ಇನ್ನೊಂದರೊಡನೆ ಹೋಲಿಸಬಹುದು.

ಸೊಂಟದ ಭಾಗದ ಚರ್ಮ ಬರಿದಾಗಿರಬೇಕು. ಸೀರೆ, ಲುಂಗಿ, ಪಂಚೆ ಯಾವುದರ ಮೇಲೂ ಅಳೆಯಬಾರದು. ಲುಂಗಿಯ ಕಟ್ಟೊಂದೇ ಕೆಲವು ಸೆಂಟಿಮೀಟರ್ ಸೇರಿಸಿಬಿಡುತ್ತದೆ. ನಲವತ್ತು ವರ್ಷ ಒಳಲಂಗದ ಲಾಡಿಯನ್ನು ಒಂದೇ ಜಾಗದಲ್ಲಿ ಬಿಗಿದ ತಾಯಂದಿರಿಗೆ ಅಲ್ಲೊಂದು ತಗ್ಗು ಬಿದ್ದಿರುತ್ತದೆ, ಟೇಪು ತಾನಾಗಿ ಹೋಗಿ ಆ ತಗ್ಗಿನಲ್ಲಿ ಕೂರುತ್ತದೆ. ಅದು ಅಳೆಯುವ ಜಾಗವಲ್ಲ. ಹಾಗೆಯೇ ಗಂಡಸರ ಉಡಿದಾರವೂ ಹೊಟ್ಟೆ ಬೆಳೆದಂತೆ ಕೆಳಗೆ ಜಾರಿರುತ್ತದೆ. ‘ಉಡಿದಾರ ಸಡಿಲವಾಗಿಯೇ ಇದೆ’ ಎಂಬ ಸಮಾಧಾನವನ್ನು ನಂಬಬೇಡಿ.

ಹಂತ 4: ಸರಿಯಾದ ಜಾಗವನ್ನು ಹುಡುಕಿ ಗುರುತು ಹಾಕಿ

ಅತಿ ಹೆಚ್ಚು ಜನ ಸೋಲುವುದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಸೊಂಟವೆಂದರೆ ಹೊಕ್ಕುಳೂ ಅಲ್ಲ, ನಡು ಅತ್ಯಂತ ಸಣ್ಣಗೆ ಕಾಣುವ ಜಾಗವೂ ಅಲ್ಲ. ಕೈಗೆ ಸಿಗುವ ಕೊನೆಯ ಪಕ್ಕೆಲುಬಿನ ಕೆಳ ಅಂಚು ಮತ್ತು ಚಪ್ಪೆ ಮೂಳೆಯ ಮೇಲಂಚು, ಇವೆರಡರ ನಡುಮಧ್ಯವೇ ಸೊಂಟ.

ಕನ್ನಡಿಯ ಮುಂದೆ ನೇರವಾಗಿ ನಿಂತು, ಬಲಗೈಯನ್ನು ಸ್ವಲ್ಪ ಎತ್ತಿ, ಕಂಕುಳಿನ ಮಧ್ಯದಿಂದ ನೇರ ಕೆಳಕ್ಕೆ ಇಳಿಯುವ ಗೆರೆಯೊಂದನ್ನು ಊಹಿಸಿಕೊಳ್ಳಿ. ಆ ಗೆರೆಯ ಮೇಲೆ ಬೆರಳ ತುದಿಗಳನ್ನು ಒತ್ತುತ್ತ ಮೇಲಿನಿಂದ ಕೆಳಗೆ ಬನ್ನಿ. ಗಟ್ಟಿ ಮೂಳೆ ಮುಗಿದು ಮೆತ್ತಗಿನ ಭಾಗ ಶುರುವಾಗುವಲ್ಲಿ ಒಂದು ಗೆರೆ ಎಳೆಯಿರಿ. ನಂತರ ಅದೇ ಗೆರೆಯಲ್ಲಿ ಕೆಳಗಿನಿಂದ ಮೇಲೆ ಬನ್ನಿ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡಾಗ ಅದು ಕೂರುವ ಗಟ್ಟಿ ಅಂಚು ಇದೆಯಲ್ಲ, ಅದೇ ಚಪ್ಪೆ ಮೂಳೆಯ ಮೇಲಂಚು. ಅಲ್ಲಿ ಎರಡನೆಯ ಗೆರೆ ಎಳೆಯಿರಿ. ಎರಡರ ನಡುವಿನ ಅಂತರವನ್ನು ಟೇಪಿನಿಂದ ಅಳೆದು ಅರ್ಧದಲ್ಲಿ ಮೂರನೆಯ ಗುರುತು ಹಾಕಿ. ಎಡಬದಿಯಲ್ಲೂ ಹೀಗೆಯೇ ಮಾಡಿ.

ಹೊಟ್ಟೆ ದಪ್ಪವಿರುವವರಿಗೆ ಮೂಳೆ ಸುಲಭವಾಗಿ ಸಿಗುವುದಿಲ್ಲ. ಅವರು ಬೆರಳನ್ನು ಗಟ್ಟಿಯಾಗಿ ಒತ್ತಿ, ದೇಹವನ್ನು ಆ ಬದಿಗೆ ಸ್ವಲ್ಪ ಬಾಗಿಸಿದರೆ ಪಕ್ಕೆಲುಬು ಕೆಳಗಿಳಿದು ಕೈಗೆ ತಾಗುತ್ತದೆ. ಜಾಗ ಗೊತ್ತಾದ ಮೇಲೆ ನೇರ ನಿಂತು ಅಲ್ಲೇ ಮತ್ತೆ ಹುಡುಕಿ ಗುರುತು ಹಾಕಬೇಕು. ಜೋತುಬಿದ್ದ ಹೊಟ್ಟೆಯಲ್ಲಿ ಹೊಕ್ಕುಳು ಎಷ್ಟೋ ಕೆಳಗೆ ಬಂದಿರುತ್ತದೆ. ಹೊಕ್ಕುಳನ್ನು ಆಧಾರವಾಗಿಟ್ಟುಕೊಂಡವರ ಅಳತೆ ವರ್ಷದಿಂದ ವರ್ಷಕ್ಕೆ ಬೇರೆ ಬೇರೆ ಜಾಗದ ಅಳತೆಯಾಗುವುದು ಇದೇ ಕಾರಣಕ್ಕೆ.

ಹಂತ 5: ಟೇಪು ಸುತ್ತಿ, ಉಸಿರು ಬಿಟ್ಟು, ಓದಿ

ಪಾದಗಳನ್ನು ಹತ್ತಿರ ಜೋಡಿಸಿ, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಲ್ಲಿ. ಟೇಪು ಎರಡೂ ಬದಿಯ ಗುರುತುಗಳ ಮೇಲೆ ಹಾದು, ನೆಲಕ್ಕೆ ಸಮಾನಾಂತರವಾಗಿರಬೇಕು. ಬೆನ್ನಿನ ಕಡೆ ಅದು ಮೇಲಕ್ಕೋ ಕೆಳಕ್ಕೋ ಓರೆಯಾಗಿರುವುದೇ ಒಬ್ಬರೇ ಅಳೆಯುವಾಗಿನ ದೊಡ್ಡ ದೋಷ. ಕನ್ನಡಿಗೆ ಪಕ್ಕವಾಗಿ ತಿರುಗಿ ಪರೀಕ್ಷಿಸಿ, ಅಥವಾ ಸಹಾಯಕ್ಕಿರುವವರಿಗೆ ಹಿಂದಿನಿಂದ ನೋಡಲು ಹೇಳಿ.

ಟೇಪು ಚರ್ಮಕ್ಕೆ ತಾಗಿರಬೇಕು, ಆದರೆ ಒತ್ತಿ ತಗ್ಗು ಮಾಡಬಾರದು. ಎರಡು ಮೂರು ಬಾರಿ ಸಹಜವಾಗಿ ಉಸಿರಾಡಿ, ಉಸಿರನ್ನು ಸಹಜವಾಗಿ ಹೊರಬಿಟ್ಟ ಕೊನೆಯ ಕ್ಷಣದಲ್ಲಿ ಅಂಕಿ ಓದಿ. ಟೇಪು ಕಂಡ ಕೂಡಲೇ ಹೊಟ್ಟೆಯನ್ನು ಒಳಗೆಳೆದುಕೊಳ್ಳುವುದು ಎಲ್ಲರ ಸಹಜ ಪ್ರವೃತ್ತಿ; ಅದಕ್ಕಾಗಿಯೇ ಅಳೆಯುವಾಗ ಸಹಾಯಕರೊಡನೆ ಒಂದೆರಡು ಮಾತಾಡುತ್ತಿದ್ದರೆ ಹೊಟ್ಟೆ ಸಡಿಲವಾಗಿರುತ್ತದೆ. ಟೇಪು ಬಿಚ್ಚಿ ಮತ್ತೊಮ್ಮೆ ಅಳೆಯಿರಿ. ಎರಡು ಅಂಕಿಗಳ ವ್ಯತ್ಯಾಸ 1 ಸೆಂಟಿಮೀಟರಿನೊಳಗಿದ್ದರೆ ಸರಾಸರಿ ಬರೆದುಕೊಳ್ಳಿ, ಹೆಚ್ಚಿದ್ದರೆ ಎರಡನ್ನೂ ಬಿಟ್ಟು ಹೊಸದಾಗಿ ಅಳೆಯಿರಿ.

ಹಂತ 6: ಪೃಷ್ಠದ ಸುತ್ತಳತೆ ಮತ್ತು ಎತ್ತರ

ಪಕ್ಕದಿಂದ ನೋಡಿದಾಗ ಪೃಷ್ಠ ಎಲ್ಲಿ ಅತಿ ಹೆಚ್ಚು ಹೊರಚಾಚಿದೆಯೋ ಅಲ್ಲಿ, ತೆಳುವಾದ ಒಳಉಡುಪಿನ ಮೇಲೆ, ಟೇಪನ್ನು ಸಮವಾಗಿ ಸುತ್ತಿ ಓದಿ. ಎತ್ತರಕ್ಕೆ ಬರಿಗಾಲಿನಲ್ಲಿ ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಲಂಬವಾಗಿ ಇಡಿಸಿ ಗುರುತು ಹಾಕಿಸಿ. ಎಂದೋ ಶಾಲೆಯಲ್ಲಿ ಹೇಳಿದ್ದ ಹಳೆಯ ಎತ್ತರವನ್ನು ಬಳಸಬೇಡಿ. ವಯಸ್ಸಾದಂತೆ ಎತ್ತರ ಕಡಿಮೆಯಾಗುತ್ತದೆ.

ಹಂತ 7: ಲೆಕ್ಕ ಹಾಕಿ, ಅರ್ಥ ಓದಿ

ಮೂರು ಅಂಕಿಗಳು ಸಾಕು. ಒಂದು, ಸೊಂಟದ ಸುತ್ತಳತೆ: ದಕ್ಷಿಣ ಏಷ್ಯಾದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗಡಿ. ಎರಡು, ಸೊಂಟವನ್ನು ಪೃಷ್ಠದಿಂದ ಭಾಗಿಸಿದ ಅನುಪಾತ: ಗಂಡಸರಿಗೆ 0.90, ಹೆಂಗಸರಿಗೆ 0.85 ಮುಟ್ಟಿದರೆ ಅಪಾಯ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂರು, ಸೊಂಟವನ್ನು ಎತ್ತರದಿಂದ ಭಾಗಿಸಿದ ಅನುಪಾತ: 0.5ಕ್ಕಿಂತ ಕಡಿಮೆ ಇರಬೇಕು, 0.5ರಿಂದ 0.59 ಹೆಚ್ಚಿದ ಅಪಾಯ, 0.6 ಮತ್ತು ಮೇಲೆ ತೀವ್ರ ಅಪಾಯ.

ಒಂದನ್ನೇ ಆರಿಸಿಕೊಳ್ಳಬೇಕಾದರೆ ನಾನು ಮೂರನೆಯದನ್ನೇ ಹೇಳುತ್ತೇನೆ, ಏಕೆಂದರೆ ಅದಕ್ಕೆ ಗಂಡು ಹೆಣ್ಣಿನ ಬೇರೆ ಗಡಿಯಿಲ್ಲ, ಅಂಕಿ ಓದಲು ಬಾರದ ಹಿರಿಯರೂ ಅದನ್ನು ನೋಡಿಕೊಳ್ಳಬಹುದು. ಹಿಗ್ಗದ ಹತ್ತಿಯ ದಾರವನ್ನು ನೆತ್ತಿಯಿಂದ ಹಿಮ್ಮಡಿಯವರೆಗಿನ ಉದ್ದಕ್ಕೆ ಕತ್ತರಿಸಿ, ಅರ್ಧಕ್ಕೆ ಮಡಚಿ, ನಾಲ್ಕನೆಯ ಹಂತದ ಗುರುತಿನ ಮೇಲೆ ಸೊಂಟಕ್ಕೆ ಸುತ್ತಿ. ತುದಿಗಳು ಸಲೀಸಾಗಿ ಕೂಡಿದರೆ ಒಳ್ಳೆಯದು. ನಡುವೆ ಅಂತರ ಉಳಿದರೆ ಆ ಅಂತರವೇ ಹೆಚ್ಚುವರಿ.

ಎರಡು ಊಹೆಯ ಉದಾಹರಣೆಗಳನ್ನು ನೋಡಿ. ಕೊಪ್ಪದ ಕಡೆಯ ಗಂಡಸೊಬ್ಬರ ಎತ್ತರ 165, ತೂಕ 64 ಕಿಲೋ, ಸೊಂಟ 94, ಪೃಷ್ಠ 95 ಎಂದಿಟ್ಟುಕೊಳ್ಳಿ. ದೇಹ ತೂಕ ಸೂಚ್ಯಂಕ 23.5, ಭಾರತೀಯರ ಗಡಿಯಾದ 23ನ್ನು ಸ್ವಲ್ಪವೇ ದಾಟಿದೆ, ನೋಡಿದವರು ‘ಆರೋಗ್ಯವಾಗಿದ್ದಾರೆ’ ಎನ್ನುತ್ತಾರೆ. ಆದರೆ ಪೃಷ್ಠದೊಡನೆ ಅನುಪಾತ 0.99, ಎತ್ತರದೊಡನೆ 0.57. ಇನ್ನೊಬ್ಬರು ಸಾಗರದ ಕಡೆಯ ಹೆಣ್ಣುಮಗಳು: ಎತ್ತರ 152, ತೂಕ 62, ಸೊಂಟ 75, ಪೃಷ್ಠ 104. ಸೂಚ್ಯಂಕ 26.8, ಬೊಜ್ಜಿನ ಗಡಿಯಾದ 25ಕ್ಕಿಂತ ಮೇಲೆ. ಆದರೆ ಅನುಪಾತಗಳು 0.72 ಮತ್ತು 0.49. ಹೃದಯ ಮತ್ತು ಸಕ್ಕರೆ ಕಾಯಿಲೆಯ ದೃಷ್ಟಿಯಿಂದ ಮೊದಲಿನವರೇ ಬೇಗ ವೈದ್ಯರನ್ನು ಕಾಣಬೇಕಾದವರು. ಎರಡನೆಯವರ ತೂಕವನ್ನು ಕಡೆಗಣಿಸಬೇಕೆಂದಲ್ಲ, ಮಂಡಿಯ ಮೇಲೆ ಆ ಭಾರ ಬಿದ್ದೇ ಬೀಳುತ್ತದೆ. ಮುಟ್ಟು ನಿಂತ ಮೇಲೆ ಕೊಬ್ಬು ತೊಡೆಯಿಂದ ಹೊಟ್ಟೆಯ ಕಡೆ ಸರಿಯುವುದರಿಂದ ನಲವತ್ತೈದರ ನಂತರ ಅವರ ಟೇಪಿನ ಅಂಕಿ ಬದಲಾಗಬಹುದು.

ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬಿಸುವ ಸರ್ಕಾರಿ ಪಟ್ಟಿಯಲ್ಲೂ ಸೊಂಟದ ಅಳತೆ ಇದೆ. ಹೆಂಗಸರಿಗೆ 81ರಿಂದ 90ಕ್ಕೆ ಒಂದು ಅಂಕ, 90 ದಾಟಿದರೆ ಎರಡು. ಗಂಡಸರಿಗೆ 91ರಿಂದ 100ಕ್ಕೆ ಒಂದು, 100 ದಾಟಿದರೆ ಎರಡು. ವಯಸ್ಸು, ತಂಬಾಕು, ಮದ್ಯ, ವ್ಯಾಯಾಮ, ಮನೆತನದ ಕಾಯಿಲೆ ಎಲ್ಲ ಸೇರಿ ಮೊತ್ತ 4 ದಾಟಿದರೆ ತಪಾಸಣೆಯಲ್ಲಿ ಆದ್ಯತೆ ಸಿಗುತ್ತದೆ. ಅವರು ಬಾಗಿಲಿಗೆ ಬಂದಾಗ ‘ನಂದೇನಿಲ್ಲ ಬಿಡಿ’ ಎಂದು ಅಂದಾಜು ಅಂಕಿ ಹೇಳಿ ಕಳುಹಿಸಬೇಡಿ.

ಹಂತ 8: ಅಪಾಯದ ಚಿಹ್ನೆಗಳು

ಎಲ್ಲ ಹೊಟ್ಟೆಯೂ ಕೊಬ್ಬಲ್ಲ. ಕೆಲವೇ ವಾರಗಳಲ್ಲಿ ಹೊಟ್ಟೆ ಬಿಗಿದು ಊದಿಕೊಂಡು, ಜೊತೆಗೆ ಕಾಲು ಬಾತು, ಕಣ್ಣು ಹಳದಿಯಾಗಿದ್ದರೆ ಅದು ಯಕೃತ್ತಿನ ತೊಂದರೆಯಿಂದ ತುಂಬಿದ ನೀರಾಗಿರಬಹುದು. ಮಧ್ಯವಯಸ್ಸು ದಾಟಿದ ಹೆಂಗಸರಲ್ಲಿ ವಾರಗಟ್ಟಲೆ ಇಳಿಯದ ಉಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರ ಬರುವುದು ಅಂಡಾಶಯದ ಗಡ್ಡೆಯ ಸೂಚನೆಯೂ ಆಗಿರಬಹುದು. ಕೈಕಾಲು ಸೊರಗಿ, ಮುಖ ದುಂಡಗಾಗಿ, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಅಗಲ ಗೆರೆಗಳು ಮೂಡಿದರೆ ಸ್ಟಿರಾಯ್ಡ್ ಹಾರ್ಮೋನು ಹೆಚ್ಚಾಗಿರಬಹುದು. ಮಂಡಿನೋವಿಗೆ, ಉಬ್ಬಸಕ್ಕೆ ಹೆಸರು ಗೊತ್ತಿಲ್ಲದ ಪುಡಿ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದವರು, ಅವುಗಳಲ್ಲಿ ಸ್ಟಿರಾಯ್ಡ್ ಬೆರೆತಿರಬಹುದಾದ್ದರಿಂದ, ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಈ ಮೂರರಲ್ಲೂ ಮನೆಯ ಪ್ರಯತ್ನಕ್ಕೆ ಕಾಯಬಾರದು.

ಕೊಬ್ಬಿನಿಂದಲೇ ಬರುವ ಚಿಹ್ನೆಗಳು ಬೇರೆ. ಕುತ್ತಿಗೆಯ ಹಿಂಭಾಗ ಮತ್ತು ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗುವುದನ್ನು ಜನ ಕೊಳೆಯೆಂದು ಉಜ್ಜುತ್ತಾರೆ. ಅದು ಇನ್ಸುಲಿನ್ ಕೆಲಸ ಮಾಡದಿರುವುದರ ಗುರುತು. ಹದಿಹರೆಯದ ಮಗಳ ಕುತ್ತಿಗೆಯಲ್ಲಿ ಇದು ಕಂಡು, ಮುಟ್ಟೂ ತಪ್ಪುತ್ತಿದ್ದರೆ ಗದರಬೇಡಿ, ತೋರಿಸಿ. ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗಿ, ಹಗಲಿಡೀ ತೂಕಡಿಕೆ ಇರುವುದು, ಅತಿ ಬಾಯಾರಿಕೆ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು ಇವೂ ತಪಾಸಣೆ ಕೇಳುತ್ತವೆ. ಗುಡ್ಡ ಹತ್ತುವಾಗ ಎದೆ ಬಿಗಿದು, ನಡಿಗೆ ನಿಲ್ಲಿಸಿದಾಗ ಸಡಿಲವಾಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅದನ್ನು ಗ್ಯಾಸು ಎಂದು ಜೀರಿಗೆ ಕಷಾಯ ಕುಡಿದು ಮಲಗಬೇಡಿ.

ಹಂತ 9: ಯಾವ ಪರೀಕ್ಷೆ ಮಾಡಿಸಬೇಕು

ಏಳನೆಯ ಹಂತದ ಮೂರರಲ್ಲಿ ಒಂದು ಅಂಕಿ ಗಡಿ ದಾಟಿದ್ದರೂ ರಕ್ತದೊತ್ತಡ, ಖಾಲಿಹೊಟ್ಟೆಯ ಸಕ್ಕರೆ ಮತ್ತು ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿ. ರಕ್ತದೊತ್ತಡ 130/85, ಸಕ್ಕರೆ 100, ಟ್ರೈಗ್ಲಿಸರೈಡ್ 150 ಮುಟ್ಟಿರುವುದು, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇರುವುದು: ದೊಡ್ಡ ಸೊಂಟದ ಜೊತೆಗೆ ಇವುಗಳಲ್ಲಿ ಎರಡು ಕೂಡಿದರೆ ವೈದ್ಯರು ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ.

ಹಂತ 10: ಮಲೆನಾಡಿನ ದಿನಚರಿಯಲ್ಲಿ ಬದಲಾವಣೆ

ಹೊಟ್ಟೆಯ ಕೊಬ್ಬನ್ನು ಮಾತ್ರ ಕರಗಿಸುವ ವ್ಯಾಯಾಮವಿಲ್ಲ. ಬೆವರಿಸುವ ಬೆಲ್ಟು ನೀರನ್ನಷ್ಟೇ ತೆಗೆಯುತ್ತದೆ. ಒಟ್ಟು ಕೊಬ್ಬು ಇಳಿದಾಗ ಒಳಕೊಬ್ಬು ಬೇಗ ಸ್ಪಂದಿಸುತ್ತದೆ ಎಂಬುದೇ ಸಮಾಧಾನದ ಸಂಗತಿ. ತೂಕದಲ್ಲಿ ಶೇಕಡ 5 ಇಳಿದರೂ ಸಕ್ಕರೆ, ಟ್ರೈಗ್ಲಿಸರೈಡುಗಳಲ್ಲಿ ಸುಧಾರಣೆ ಕಾಣುತ್ತದೆ.

ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಮತ್ತು ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಬೇಕು. ‘ತೋಟದ ಕೆಲಸ ಇದೆಯಲ್ಲ’ ಎನ್ನುವವರು ಒಮ್ಮೆ ಲೆಕ್ಕ ಹಾಕಬೇಕು. ಈಗ ತೋಟದ ಅಂಚಿನವರೆಗೂ ಬೈಕು ಹೋಗುತ್ತದೆ, ಕಳೆ ಕತ್ತರಿಸಲು ಯಂತ್ರವಿದೆ, ಕೊಯ್ಲಿನ ತಿಂಗಳುಗಳಲ್ಲಿ ಅಡಿಕೆ ಸುಲಿಯುವುದೂ ಕೂತಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಹಿಡಿದ ಅಂಗಳ, ದಾರಿಯ ಉಂಬಳ, ಬಿಡದ ಮಳೆ. ನಡಿಗೆ ನಿಲ್ಲುತ್ತದೆ, ಹಪ್ಪಳ ಸಂಡಿಗೆಯ ಡಬ್ಬ ತೆರೆಯುತ್ತದೆ. ಮಳೆಗಾಲದಲ್ಲಿ ಪ್ರತಿ ಊಟದ ನಂತರ ಜಗಲಿಯಲ್ಲಿ ಹತ್ತು ನಿಮಿಷ ನಡೆಯಿರಿ. ಊಟದ ನಂತರದ ಸಕ್ಕರೆ ಏರದಿರಲು ಅದು ನೇರವಾಗಿ ನೆರವಾಗುತ್ತದೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತರಂತೆ ಮೂರು ಸಲ ಮಾಡಿದರೆ ತೊಡೆಯ ಸ್ನಾಯು ಉಳಿಯುತ್ತದೆ.

ಊಟದಲ್ಲಿ ನಮ್ಮ ತೊಡಕು ಅಕ್ಕಿ ಮೂರು ಹೊತ್ತೂ ಬರುವುದು: ಬೆಳಿಗ್ಗೆ ಕಡುಬು ಅಥವಾ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಒಮ್ಮೆಲೇ ಬಿಡುವುದು ಯಾರಿಂದಲೂ ಆಗುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಪ್ರತಿ ಊಟದಲ್ಲಿ ಒಂದು ಸೌಟು ಅನ್ನ ಕಡಿಮೆ ಮಾಡಿ ಆ ಜಾಗಕ್ಕೆ ಹೆಸರುಕಾಳು, ಹುರುಳಿ, ಮೊಟ್ಟೆ ಅಥವಾ ಮೀನನ್ನು ತನ್ನಿ. ಸೊಪ್ಪಿನ ಪಲ್ಯ, ಕಾಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಣ್ಣಿ. ಸುವರ್ಣಗಡ್ಡೆ, ಬಾಳೆಕಾಯಿ ಪಲ್ಯವನ್ನು ತರಕಾರಿಯೆಂದು ಲೆಕ್ಕ ಹಾಕುವುದು ಸಾಮಾನ್ಯ ತಪ್ಪು. ಅವು ಪಿಷ್ಟವೇ, ಅನ್ನದ ಲೆಕ್ಕಕ್ಕೆ ಸೇರುತ್ತವೆ. ಎರಡೆರಡು ಚಮಚ ಸಕ್ಕರೆಯ ನಾಲ್ಕು ಲೋಟ ಕಾಫಿಯೆಂದರೆ ದಿನಕ್ಕೆ ಎಂಟು ಚಮಚ. ಸಕ್ಕರೆಯ ಬದಲು ಜೋನಿ ಬೆಲ್ಲ ಹಾಕಿದರೆ ಲೆಕ್ಕ ಬದಲಾಗುವುದಿಲ್ಲ. ಅಡಿಕೆ ಬೆಳೆದು ಬದುಕುವ ಊರಿನಲ್ಲಿ ಈ ಮಾತು ಬರೆಯುವುದು ಕಷ್ಟ, ಆದರೂ ಬರೆಯಲೇಬೇಕು: ಅಡಿಕೆ ಜಗಿಯುವುದಕ್ಕೂ ಸೊಂಟ ದಪ್ಪವಾಗುವುದಕ್ಕೂ ನಂಟಿರುವುದು ತೈವಾನಿನ ಅಧ್ಯಯನಗಳಲ್ಲಿ ಕಂಡಿದೆ, ಬಾಯಿ ಕ್ಯಾನ್ಸರಿನ ಅಪಾಯವಂತೂ ಖಚಿತ.

ಹಂತ 11: ಮರು ಅಳತೆ

ನಾಲ್ಕು ವಾರಕ್ಕೊಮ್ಮೆ, ಅದೇ ಟೇಪಿನಿಂದ, ಅದೇ ಹೊತ್ತಿನಲ್ಲಿ ಅಳೆಯಿರಿ. ದಿನವೂ ಅಳೆಯುವವರು ಬೇಗ ಬೇಸತ್ತು ಬಿಡುತ್ತಾರೆ. 1 ಸೆಂಟಿಮೀಟರಿನ ಏರಿಳಿತ ಅಳತೆಯ ದೋಷವಿರಬಹುದು. ಸತತ ಎರಡು ತಿಂಗಳು ಒಂದೇ ದಿಕ್ಕಿನಲ್ಲಿ ಹೋದರೆ ಮಾತ್ರ ಬದಲಾವಣೆಯೆಂದು ತಿಳಿಯಿರಿ. ತೂಕ ನಿಂತಲ್ಲೇ ನಿಂತು ಸೊಂಟ ಇಳಿಯುತ್ತಿದ್ದರೆ ಅದು ಒಳ್ಳೆಯ ಲಕ್ಷಣ, ಏಕೆಂದರೆ ಕೊಬ್ಬು ಹೋದ ಜಾಗಕ್ಕೆ ಸ್ನಾಯು ಬರುತ್ತಿರುತ್ತದೆ. ಪ್ರಯತ್ನವಿಲ್ಲದೆಯೇ ತೂಕ ಮತ್ತು ಸೊಂಟ ಎರಡೂ ಸರಸರನೆ ಇಳಿದರೆ ಸಂತೋಷಪಡದೆ ವೈದ್ಯರನ್ನು ಕಾಣಿ. ನೋಟ್‌ಬುಕ್ಕಿನಲ್ಲಿ ದಿನಾಂಕ, ಸೊಂಟ, ಪೃಷ್ಠ, ತೂಕ ಎಂದು ನಾಲ್ಕು ಕಲಂ ಎಳೆದು, ಅಳೆದವರು ಯಾರೆಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಕೈ ಬದಲಾದರೆ ಅಂಕಿಯೂ ಬದಲಾಗುತ್ತದೆ.